ಆಡಿಷನ್‌ನಲ್ಲಿ ಬೇಡ ಅಂದರೆ ನನಗೆ ನಟನೆ ಬರಲ್ಲ ಅಂತಲಾ?

ಪ್ರಶ್ನೆ: ನನಗೆ 26 ವರ್ಷ. ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯವಳು. ಎಂ.ಎ. ಆದಮೇಲೆ ಒಂದು ವರ್ಷ ರಂಗಶಿಕ್ಷಣ ಮುಗಿಸಿ ಬೆಂಗಳೂರಿಗೆ ಬಂದೆ. ಪೇಯಿಂಗ್ ಗೆಸ್ಟ್ ಆಗಿ ಪಿ.ಜಿ.ಯಲ್ಲಿದ್ದೇನೆ. ಬೆಳಿಗ್ಗೆ ಒಂದು ಶಾಲೆಯಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಡುತ್ತೇನೆ, ಉಳಿದ ಹೊತ್ತು ಸೀರಿಯಲ್, ಸಿನಿಮಾ ಆಡಿಷನ್‌ಗಳಿಗೆ ಓಡಾಡುತ್ತೇನೆ. ಎರಡು ವರ್ಷ ಆಯಿತು. ಎಲ್ಲರೂ ‘ತಿಳಿಸ್ತೀವಿ’ ಅನ್ನುತ್ತಾರೆ, ಯಾರೂ ತಿಳಿಸುವುದಿಲ್ಲ. ಅಪರೂಪಕ್ಕೆ ಯಾರಾದರೂ ಬಾಯಿ ಬಿಟ್ಟರೆ ಮೂರೇ ಮಾತು: ‘ನಾಟಕ ಜಾಸ್ತಿ ಆಯ್ತು’, ‘ಧಾರವಾಡ ಕಡೆ ಭಾಷೆ ಹೊಡೀತಿದೆ’, ‘ಫೇಸ್ ಫ್ರೆಶ್ ಅನ್ಸಲ್ಲ’. ಪ್ರತಿ ಸಲವೂ ಎರಡು ಮೂರು ದಿನ ನಿದ್ದೆ ಬರುವುದಿಲ್ಲ. 35,000 ರೂಪಾಯಿ ಕೊಟ್ಟು ಪೋರ್ಟ್‌ಫೋಲಿಯೊ ಮಾಡಿಸಿದರೆ ಪಾತ್ರ ಗ್ಯಾರಂಟಿ ಎಂದು ಒಬ್ಬರು ಹೇಳಿದ್ದಾರೆ. ಅವ್ವ ಬ್ಯಾಂಕ್ ಪರೀಕ್ಷೆ ಕಟ್ಟು ಅನ್ನುತ್ತಾಳೆ. ನನಗೆ ನಿಜವಾಗಿ ನಟನೆ ಬರುತ್ತದಾ ಇಲ್ಲವಾ ಅನ್ನುವುದೇ ಈಗ ಗೊತ್ತಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಗಂಟು ಬಿದ್ದಿವೆ. ಒಂದು, ಕೆಲಸ ಯಾಕೆ ಸಿಗುತ್ತಿಲ್ಲ ಅನ್ನುವುದು. ಇನ್ನೊಂದು, ನಟನೆ ಬರುತ್ತದಾ ಅನ್ನುವುದು. ಮೊದಲನೆಯದರಲ್ಲಿ ಎರಡನೆಯದಕ್ಕೆ ಉತ್ತರ ಹುಡುಕುತ್ತಿದ್ದೀರಿ. ಅಲ್ಲಿ ಅದು ಸಿಗುವುದಿಲ್ಲ. ನಾನು ನಟರಿಗೆ ಪಾಠ ಹೇಳುವವನು. ಆಯ್ಕೆ ಮಾಡುವವರ ಜೊತೆ ಮೇಜಿನ ಆಚೆ ಕಡೆಯೂ ಸಾಕಷ್ಟು ಕೂತಿದ್ದೇನೆ. ಆ ಕೋಣೆಯಲ್ಲಿ ಯಾರೂ ನಿಮ್ಮ ನಟನೆಗೆ ಅಂಕ ಹಾಕುತ್ತಿರುವುದಿಲ್ಲ. ಅವರಿಗೆ ಇರುವ ಕೆಲಸ ಒಂದೇ, ಒಂದು ಖಾಲಿ ಜಾಗ ತುಂಬುವುದು.

ಒಂದು ಸೀರಿಯಲ್‌ಗೆ ನಾಯಕಿಯ ತಂಗಿ ಬೇಕು ಅಂತಿಟ್ಟುಕೊಳ್ಳಿ. ನಾಯಕಿ ಆಗಲೇ ಲಾಕ್ ಆಗಿದ್ದಾಳೆ. ಎತ್ತರ ಐದು ಅಡಿ ಎರಡು ಇಂಚು, ದುಂಡು ಮುಖ. ಹಾಗಾಗಿ ತಂಗಿ ಅವಳಿಗಿಂತ ಎತ್ತರ ಇರಬಾರದು, ಚಿಕ್ಕವಳಾಗಿ ಕಾಣಬೇಕು, ಅಮ್ಮನ ಪಾತ್ರದವರ ಮುಖಕ್ಕೂ ಸ್ವಲ್ಪ ಹೊಂದಬೇಕು. ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ದಿನ ಡೇಟ್ ಕೊಡಬೇಕು. ಬೇರೆ ಚಾನೆಲ್‌ನಲ್ಲಿ ಈಗ ಕಾಣಿಸಿಕೊಳ್ಳುತ್ತಿರಬಾರದು. ಇಷ್ಟನ್ನೂ ದಾಟಿದವರಲ್ಲಿ ಮೂರು ನಾಲ್ಕು ಜನರ ಲುಕ್ ಟೆಸ್ಟ್ ಆಗುತ್ತದೆ, ಪಾತ್ರದ ವೇಷದಲ್ಲಿ ಹೇಗೆ ಕಾಣುತ್ತಾರೆ ಅಂತ ನೋಡಲು. ಆಮೇಲೆ ನಾಯಕಿಯ ಜೊತೆ ನಿಲ್ಲಿಸಿ ಮಾಕ್ ಶೂಟ್, ಅಂದರೆ ಪರೀಕ್ಷೆಗೆಂದು ಒಂದು ದೃಶ್ಯದ ಚಿತ್ರೀಕರಣ. ಅದನ್ನು ಚಾನೆಲ್‌ನವರು ನೋಡಿ ಹೂಂ ಅನ್ನಬೇಕು. ನಿಮ್ಮ ಆಡಿಷನ್ ತೆಗೆದ ಹುಡುಗನಿಗೆ ಅಂತಿಮ ತೀರ್ಮಾನ ಗೊತ್ತೇ ಇರುವುದಿಲ್ಲ ಎಷ್ಟೋ ಸಲ. ಎಲ್ಲರಿಗಿಂತ ಚೆನ್ನಾಗಿ ಮಾಡಿದವಳು ‘ಅಕ್ಕನಿಗಿಂತ ಇವಳೇ ದೊಡ್ಡವಳಾಗಿ ಕಾಣ್ತಾಳೆ’ ಅನ್ನುವ ಒಂದೇ ಮಾತಿಗೆ ಬಿದ್ದುಹೋಗುವುದು ಅಲ್ಲಿ ದಿನದ ವಿಷಯ. ಅವಳ ನಂಬರ್‌ಗೆ ಫೋನ್ ಮಾಡಿ ಇದನ್ನು ಹೇಳುವವರು ಯಾರೂ ಇರುವುದಿಲ್ಲ. ಆ ಹೊತ್ತಿಗೆ ಅವರು ಇನ್ನೊಂದು ಪಾತ್ರ ಹುಡುಕುತ್ತಿರುತ್ತಾರೆ.

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ‘ಊರಿಗೆ ಹೋಗಿ ತಿಳಿಸ್ತೀವಿ’ ಅಂತಾರಲ್ಲ, ಇದೂ ಅದೇ ಜಾತಿಯ ಮಾತು. ಎದುರಿಗೇ ಬೇಡ ಅನ್ನಲು ಸಂಕೋಚ, ಮುಂದೆ ಬೇಕಾಗಬಹುದು ಅನ್ನುವ ಎಚ್ಚರ, ಎರಡೂ ಅದರಲ್ಲಿವೆ. ಅದನ್ನು ಬೈಗುಳ ಅಂತಲೂ ತಿಳಿಯಬೇಡಿ, ಭರವಸೆ ಅಂತಲೂ ತಿಳಿಯಬೇಡಿ. ವಾರದ ನಂತರ ಒಂದು ಮೆಸೇಜ್ ಹಾಕಿ, ಒಂದೇ. ಉತ್ತರ ಬರದಿದ್ದರೆ ಆ ಪಾತ್ರ ಹೋಯಿತು.

ನಮ್ಮ ನಡುವೆ ಓಡಾಡುವ ಎರಡು ನಂಬಿಕೆಗಳನ್ನು ಇಲ್ಲೇ ಬದಿಗಿಡೋಣ. ‘ಪ್ರತಿಭೆ ಇದ್ದರೆ ಯಾರೂ ತಡೆಯಲಾರರು’ ಅನ್ನುವುದು ಒಂದು. ಇದಕ್ಕೆ ಸಾಕ್ಷಿಯಾಗಿ ಆಕಾಶವಾಣಿ ಅಮಿತಾಭ್ ಬಚ್ಚನ್ ದನಿಯನ್ನು ಬೇಡ ಎಂದಿದ್ದ ಕಥೆ ಬರುತ್ತದೆ. ಆ ಕಥೆ ನಮ್ಮವರೆಗೆ ಬಂದದ್ದು ಅವರು ಆಮೇಲೆ ಗೆದ್ದರು ಅನ್ನುವ ಕಾರಣಕ್ಕೆ. ಅಷ್ಟೇ ಒಳ್ಳೆಯ ದನಿ ಇದ್ದು, ತಿರಸ್ಕಾರವಾಗಿ, ಊರಿಗೆ ಹೋಗಿ ಬೇರೆ ಕೆಲಸ ಹಿಡಿದವರ ಕಥೆಯನ್ನು ಯಾರು ಹೇಳುತ್ತಾರೆ? ಇನ್ನೊಂದು ನಂಬಿಕೆ, ‘ಎಲ್ಲಾ ಇನ್‌ಫ್ಲುಯೆನ್ಸ್’ ಅನ್ನುವುದು. ಇದರಲ್ಲಿ ಸ್ವಲ್ಪ ನಿಜ ಇದೆ. ಪರಿಚಯ ಇದ್ದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಆದರೆ ದಿನಾ ಎಪಿಸೋಡ್ ಕೊಡಬೇಕಾದ ಡೈರೆಕ್ಟರ್‌ಗೆ ಮಾತು ಬಾಯಿಪಾಠ ಮಾಡಿ ಎರಡನೇ ಟೇಕ್‌ಗೆ ಓಕೆ ಆಗುವವರು ಬೇಕು. ಅಂಥವರನ್ನು ಪರಿಚಯ ಇಲ್ಲದಿದ್ದರೂ ಹುಡುಕುತ್ತಲೇ ಇರುತ್ತಾರೆ.

ಈಗ ಆ ಮೂರು ಮಾತುಗಳಿಗೆ ಬರೋಣ. ಮೂರೂ ಒಂದೇ ತೂಕದವಲ್ಲ.

‘ನಾಟಕ ಜಾಸ್ತಿ ಆಯ್ತು’ ಅನ್ನುವುದು ಕೆಲಸಕ್ಕೆ ಬರುವ ಮಾತು, ಸಿಟ್ಟಾಗಬೇಡಿ. ರಂಗಭೂಮಿಯಿಂದ ಬಂದವರಿಗೆಲ್ಲ ಮೊದಲು ಸಿಗುವುದು ಇದೇ. ಬನಶಂಕರಿ ಜಾತ್ರೆಯಲ್ಲಿ ಅಕ್ಕಪಕ್ಕ ಕಂಪನಿ ನಾಟಕಗಳು ನಡೆಯುವುದನ್ನು ನೀವು ನೋಡಿರುತ್ತೀರಿ. ಹೊರಗೆ ಜಾತ್ರೆಯ ಗದ್ದಲ, ಪಕ್ಕದ ಟೆಂಟಿನ ಹಾಡು, ಅದರ ಮಧ್ಯೆ ಕೊನೆಯ ಸಾಲಿನ ಅಜ್ಜಿಗೂ ಮಾತು ಮುಟ್ಟಬೇಕು. ನೀವು ಕಲಿತ ಆಧುನಿಕ ರಂಗಭೂಮಿಯಲ್ಲೂ ಅಷ್ಟೇ, ಮುಖ ಸರಿಯಾಗಿ ಕಾಣದಷ್ಟು ದೂರದಲ್ಲಿರುವ ಪ್ರೇಕ್ಷಕನಿಗೆ ಮೈಯೆಲ್ಲ ಮಾತಾಡಬೇಕು. ಕ್ಲೋಸಪ್‌ನಲ್ಲಿ ಆ ದೂರವೇ ಇಲ್ಲ. ಹಣೆಯಿಂದ ಗದ್ದದವರೆಗೆ ಪರದೆ ತುಂಬಿದಾಗ ಹುಬ್ಬು ಸ್ವಲ್ಪ ಎತ್ತಿದರೂ ಅದು ದೊಡ್ಡ ಘಟನೆ.

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ‘ಕಡಿಮೆ ಮಾಡಿ’ ಅಂದ ಕೂಡಲೇ ಭಾವವನ್ನೇ ಕಡಿಮೆ ಮಾಡಿ ಸತ್ತ ಮುಖ ಮಾಡಿಕೊಂಡು ಮಾತು ಒಪ್ಪಿಸುತ್ತಾರೆ. ಕಡಿಮೆ ಆಗಬೇಕಾದ್ದು ಮಾತು ತಲುಪಬೇಕಾದ ದೂರ. ಮನೆಯಲ್ಲೇ ನೋಡಿ. ‘ಅಪ್ಪ ಫೋನ್ ಮಾಡಿದ್ರು. ಮನೆ ಮಾರ್ತಾರಂತೆ.’ ಈ ಎರಡು ವಾಕ್ಯ ಸಾಕು. ಫೋನನ್ನು ಅಡ್ಡಕ್ಕೆ, ಕಣ್ಣಿನ ಮಟ್ಟಕ್ಕೆ ಇಡಿ. ಎದೆಯಿಂದ ಮೇಲೆ ಕಾಣಲಿ. ಕಿಟಕಿಯ ಬೆಳಕು ಮುಖಕ್ಕೆ ಬೀಳಲಿ, ಫ್ಯಾನ್ ಆಫ್ ಮಾಡಿ. ಗೆಳತಿಯನ್ನು ಫೋನಿನ ಪಕ್ಕಕ್ಕೆ ಅಂಟಿಕೊಂಡಂತೆ ಕೂರಿಸಿ. ಮೊದಲ ಸಲ ನಿಮಗೆ ಬಂದ ಹಾಗೆ ಹೇಳಿ. ಎರಡನೇ ಸಲ, ಪಕ್ಕದ ಮಂಚದಲ್ಲಿ ರೂಮ್‌ಮೇಟ್ ಮಲಗಿದ್ದಾಳೆ, ಅವಳಿಗೆ ಕೇಳಬಾರದು ಅಂದುಕೊಂಡು ಗೆಳತಿಗಷ್ಟೇ ಹೇಳಿ. ಆಮೇಲೆ ಎರಡನ್ನೂ ಸೌಂಡ್ ಇಲ್ಲದೆ ನೋಡಿ. ಮೊದಲನೆಯದರಲ್ಲಿ ಪ್ರತಿ ಪದಕ್ಕೂ ಹುಬ್ಬು, ಕತ್ತು, ಭುಜ ಕುಣಿಯುತ್ತಿದ್ದರೆ ‘ನಾಟಕ ಜಾಸ್ತಿ’ ಅಂದವರು ಏನನ್ನು ನೋಡಿದರು ಅನ್ನುವುದು ನಿಮಗೇ ಕಾಣುತ್ತದೆ. ಎರಡನೆಯದರಲ್ಲಿ ‘ಮನೆ ಮಾರ್ತಾರಂತೆ’ ಅನ್ನುವ ಮುಂಚೆ ಕಣ್ಣಲ್ಲಿ ಏನೋ ಬದಲಾಗಿರುತ್ತದೆ. ಲೆನ್ಸ್‌ಗೆ ಅಷ್ಟು ಸಾಕು. ಎರಡು ಮೂರು ತಿಂಗಳ ನಿಯಮಿತ ಅಭ್ಯಾಸಕ್ಕೆ ಇದು ಬಹುತೇಕರಿಗೆ ಒಗ್ಗುತ್ತದೆ.

ಇದಕ್ಕೆ ಸಂಬಂಧಿಸಿದ ಇನ್ನೊಂದು ವಿಷಯ. ಆಡಿಷನ್ ಕೋಣೆಯೊಳಗೆ ನಿಜವಾದ ಫೀಡ್‌ಬ್ಯಾಕ್ ಸಿಗುವ ಒಂದೇ ಒಂದು ಗಳಿಗೆ ಇದೆ. ನಿಮ್ಮದು ಮುಗಿದ ಮೇಲೆ ‘ಇನ್ನೊಂದ್ಸಲ ಮಾಡಿ, ಈ ಸಲ ಕೋಪ ಬೇಡ, ಸುಸ್ತಾಗಿರೋ ಥರ’ ಅನ್ನುತ್ತಾರಲ್ಲ, ಅದು. ಹೆಚ್ಚಿನವರು ಅದನ್ನು ಕೇಳಿ ‘ಅಯ್ಯೋ, ಚೆನ್ನಾಗಿ ಆಗ್ಲಿಲ್ಲ’ ಅಂದುಕೊಂಡು ಕುಗ್ಗುತ್ತಾರೆ. ನಿಮ್ಮಲ್ಲಿ ಆಸಕ್ತಿ ಇಲ್ಲದಿದ್ದರೆ ಎರಡನೇ ಟೇಕ್ ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಹೇಳಿದ್ದನ್ನು ಹಿಡಿದು ಬದಲಾಯಿಸುತ್ತೀರಾ ಅನ್ನುವುದನ್ನು ಅವರು ನೋಡುತ್ತಿರುತ್ತಾರೆ. ಸೆಟ್‌ನಲ್ಲಿ ಅವರಿಗೆ ಬೇಕಾದ್ದು ಅದೇ. ಹಾಗಾಗಿ ಎರಡನೆಯದು ಮೊದಲನೆಯದಕ್ಕಿಂತ ಎದ್ದು ಕಾಣುವಷ್ಟು ಬೇರೆ ಇರಲಿ. ಅವರು ಕೇಳದಿದ್ದರೆ ನೀವೇ ‘ಇನ್ನೊಂದು ಥರ ಮಾಡಿ ತೋರಿಸಲಾ ಸರ್?’ ಅನ್ನಬಹುದು. ‘ಹೇಗಿತ್ತು ಸರ್?’ ಅಂತ ಮಾತ್ರ ಕೇಳಬೇಡಿ. ಅದಕ್ಕೆ ‘ಚೆನ್ನಾಗಿತ್ತಮ್ಮ’ ಅನ್ನುವುದು ಬಿಟ್ಟರೆ ಬೇರೆ ಉತ್ತರ ಇಲ್ಲ.

ಭಾಷೆಯ ಮಾತು ಅರ್ಧ ನ್ಯಾಯ, ಅರ್ಧ ಅನ್ಯಾಯ. ಬೆಂಗಳೂರಿನ ಸೀರಿಯಲ್‌ಗಳ ಮನೆಮಾತು ಮೈಸೂರು–ಬೆಂಗಳೂರು ಕಡೆಯದು ಅನ್ನುವುದು ಒಂದು ಅಲಿಖಿತ ನಿಯಮ. ಯಾಕೆ ಹಾಗೆ ಅಂತ ಜಗಳ ಮಾಡಬಹುದು, ನಾನೂ ಮಾಡಿದ್ದೇನೆ. ಆದರೆ ಜಗಳದಿಂದ ನಿಮಗೆ ನಾಳೆ ಪಾತ್ರ ಸಿಗುವುದಿಲ್ಲ. ಆ ಭಾಷೆಯನ್ನು ಒಂದು ಪಾತ್ರದ ಭಾಷೆಯಂತೆ ಕಲಿತುಬಿಡಿ. ‘ಮನಿ’ ಹೋಗಿ ‘ಮನೆ’ ಆಗುವುದು ಸುಲಭ. ಕಷ್ಟ ಇರುವುದು ವಾಕ್ಯದ ಏರಿಳಿತದಲ್ಲಿ. ನೀವು ಒತ್ತು ಹಾಕುವ ಜಾಗ, ಎಳೆಯುವ ಜಾಗ ಬೇರೆ. ದಿನಾ ಹತ್ತು ನಿಮಿಷ ಯಾರದಾದರೂ ಸಂದರ್ಶನ ಹಾಕಿಕೊಂಡು ಅವರ ಹಿಂದೆಯೇ ಮಾತು ಹೇಳಿ, ರೆಕಾರ್ಡ್ ಮಾಡಿ ಕೇಳಿ. ಹಾಗಂತ ನಿಮ್ಮ ಮಾತನ್ನು ತೊಳೆದು ಹಾಕಬೇಡಿ. ಉತ್ತರ ಕರ್ನಾಟಕದ ಪಾತ್ರ ಬಂದಾಗ ಬೆಂಗಳೂರಿನವರು ‘ಏನ್ರೀ, ಹ್ಯಾಂಗದೀರಿ’ ಅಂತ ಸುಮ್ನೆ ಒದರುವುದನ್ನು ಕೇಳಿ ನೀವೂ ನಕ್ಕಿರುತ್ತೀರಿ, ಅಲ್ವಾ? ನಿಮ್ಮ ಪ್ರೊಫೈಲ್‌ನಲ್ಲಿ ಎರಡನ್ನೂ ಬರೆಯಿರಿ. ಪರಿಚಯದ ವಿಡಿಯೊದಲ್ಲಿ ಹೆಸರು, ವಯಸ್ಸು, ಎತ್ತರ ಹೇಳಿ ಎಡ–ಬಲ ಮುಖ ತೋರಿಸಿದ ಮೇಲೆ ಎರಡು ವಾಕ್ಯ ಈ ಭಾಷೆ, ಎರಡು ವಾಕ್ಯ ಆ ಭಾಷೆ ಮಾತಾಡಿ.

‘ಫೇಸ್ ಫ್ರೆಶ್ ಅನ್ಸಲ್ಲ’ ಅನ್ನುವುದನ್ನು ಕಸದ ಬುಟ್ಟಿಗೆ ಹಾಕಿ. ಎಷ್ಟೋ ಸಲ ಅದರ ಹಿಂದೆ ಇರುವುದು ಮೈಬಣ್ಣದ ಮಾತು. ನೇರವಾಗಿ ಹೇಳಲು ನಾಚಿಕೆ, ಅದಕ್ಕೆ ಈ ಪದ. ಇದು ಈ ಉದ್ಯಮದ ಕೊಳಕು, ನಿಮ್ಮ ಕೊರತೆಯಲ್ಲ. ಕ್ರೀಮು, ಇಂಜೆಕ್ಷನ್ ಅಂತ ಹೋಗಬೇಡಿ. ಅದರ ಅಪಾಯ ಚರ್ಮಕ್ಕಷ್ಟೇ ನಿಲ್ಲುವುದಿಲ್ಲ.

ಇಷ್ಟೆಲ್ಲ ಗೊತ್ತಾದರೂ ನೋವು ಆಗುತ್ತದೆ. ಅದಕ್ಕೆ ನಿಮ್ಮನ್ನು ‘ಸೆನ್ಸಿಟಿವ್’ ಅಂತ ಯಾರಾದರೂ ಆಡಿಕೊಂಡರೆ ಒಂದು ಪ್ರಯೋಗದ ಬಗ್ಗೆ ಹೇಳಿ. 2003ರಲ್ಲಿ ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಜೊತೆಗಾರರು ಜನರನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ ಕಂಪ್ಯೂಟರ್‌ನಲ್ಲಿ ಚೆಂಡೆಸೆಯುವ ಆಟ ಆಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಉಳಿದ ಇಬ್ಬರು ಇವರಿಗೆ ಚೆಂಡು ಎಸೆಯುವುದನ್ನೇ ನಿಲ್ಲಿಸಿಬಿಡುತ್ತಾರೆ. ಅಷ್ಟಕ್ಕೇ, ಮೈನೋವಿನ ಸಂಕಟದಲ್ಲಿ ಚುರುಕಾಗುವ ಮೆದುಳಿನ ಒಂದು ಭಾಗ ಇಲ್ಲೂ ಚುರುಕಾಗಿತ್ತು. ಅದರ ಅರ್ಥದ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದೇ ಇದೆ. ಆದರೆ ಪರದೆಯ ಮೇಲಿನ ಚೆಂಡಿಗೇ ಇಷ್ಟಾದರೆ ಎರಡು ಬಸ್ ಬದಲಾಯಿಸಿ ನಾಗರಭಾವಿಗೆ ಹೋಗಿ, ಮೂರು ತಾಸು ಕಾದು, ಎರಡು ನಿಮಿಷದಲ್ಲಿ ಹೊರಗೆ ಬಂದವಳಿಗೆ ಎಷ್ಟಾಗಬೇಡ?

ಇನ್ನೊಂದು ಅಧ್ಯಯನ ನನ್ನ ಪಾಠದ ರೀತಿಯನ್ನೇ ಬದಲಿಸಿತು. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬಿಬ್ಬರು ಫೀಡ್‌ಬ್ಯಾಕ್ ಬಗ್ಗೆ ಅದುವರೆಗೆ ಬಂದಿದ್ದ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟಿಗೆ ಹಾಕಿ ನೋಡಿದರು. ಸರಾಸರಿ ಲೆಕ್ಕದಲ್ಲಿ ಫೀಡ್‌ಬ್ಯಾಕ್‌ನಿಂದ ಲಾಭ ಇತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಂದರ್ಭಗಳಲ್ಲಿ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸದ ಮೇಲಿಂದ ‘ನಾನು ಎಂಥವಳು’ ಅನ್ನುವುದರ ಮೇಲೆ ಹೋದಷ್ಟೂ ಹಾನಿ ಅನ್ನುವುದು ಅವರು ಕೊಟ್ಟ ವಿವರಣೆ. ನಿಮಗೆ ಆಗಿರುವುದು ಇದೇ. ಅವರು ಹುಬ್ಬಿನ ಬಗ್ಗೆ ಹೇಳಿದರು, ನೀವು ಅದನ್ನು ನಿಮ್ಮ ಬದುಕಿನ ಬಗ್ಗೆ ಕೇಳಿಸಿಕೊಂಡಿರಿ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಆಡಿಷನ್ ಆದ ದಿನವೇ, ಬಸ್ಸಲ್ಲೇ ಬರೆಯಿರಿ: ಯಾವ ಪಾತ್ರ, ಯಾವ ದೃಶ್ಯ, ಏನು ಬದಲಿಸಲು ಹೇಳಿದರು, ನಾನು ಏನು ಮಾಡಿದೆ. ‘ಅವರಿಗೆ ನಾನು ಇಷ್ಟ ಆದ್ನಾ’ ಅನ್ನುವುದಕ್ಕೆ ಅಲ್ಲಿ ಜಾಗ ಬೇಡ. ಒಂದೇ ಮಾತು ಬೇರೆ ಬೇರೆ ಕಡೆ, ಸಂಬಂಧವಿಲ್ಲದ ಜನರಿಂದ ಮತ್ತೆ ಮತ್ತೆ ಬಂದರೆ ಅದರ ಮೇಲೆ ಕೆಲಸ ಮಾಡಿ. ಒಂದೇ ಸಲ ಬಂದದ್ದನ್ನು ಹಾಗೇ ಬಿಡಿ. ನಟನೆ ಬರುತ್ತದಾ ಅನ್ನುವ ನಿಮ್ಮ ದೊಡ್ಡ ಪ್ರಶ್ನೆಗೆ ಉತ್ತರ ಸಿಗುವ ಜಾಗ ಬೇರೆಯೇ ಮಾಡಿಕೊಳ್ಳಬೇಕು. ನಾಲ್ಕೈದು ನಟರು ಸೇರಿ ವಾರಕ್ಕೊಮ್ಮೆ ಒಬ್ಬರದೊಬ್ಬರು ಸೆಲ್ಫ್ ಟೇಪ್, ಅಂದರೆ ಫೋನಲ್ಲಿ ಆಡಿಷನ್ ವಿಡಿಯೊ, ಮಾಡಿ ನೋಡಿ. ನಿಮಗೆ ಪಾಠ ಹೇಳಿದ ಒಬ್ಬ ಗುರುವಿಗೆ ಮೂರು ತಿಂಗಳಿಗೊಮ್ಮೆ ಎರಡು ಕ್ಲಿಪ್ ಕಳಿಸಿ. ಹೇಗಿದೆ ಅಂತ ಕೇಳುವುದಕ್ಕಿಂತ ‘ಎಲ್ಲಿ ನಂಬಿಕೆ ಬರಲಿಲ್ಲ, ಆ ಸೆಕೆಂಡ್ ಹೇಳಿ’ ಅಂತ ಕೇಳಿ. ಬರುವ ಉತ್ತರ ಖಾರ ಇರಬಹುದು, ಆದರೆ ಕೆಲಸಕ್ಕೆ ಬರುತ್ತದೆ.

ನಿದ್ದೆಯ ವಿಷಯವನ್ನು ಹಗುರವಾಗಿ ತಗೋಬೇಡಿ. ಒಂದೆರಡು ರಾತ್ರಿ ಹೊರಳಾಡುವುದು ಸಹಜ. ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದರೆ, ಶಾಲೆಗೆ ಹೋಗಲೂ ಮನಸ್ಸಿಲ್ಲ ಅನ್ನಿಸಿದರೆ, ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ಸರಿ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಹೊತ್ತಲ್ಲೂ.

35,000 ಕೊಡಬೇಡಿ. ಪಾತ್ರಕ್ಕೆ ಗ್ಯಾರಂಟಿ ಕೊಡುವ ಅಧಿಕಾರ ಆ ಮನುಷ್ಯನಿಗೆ ಇಲ್ಲವೇ ಇಲ್ಲ ಅನ್ನುವುದು ಮೇಲಿನ ತಂಗಿ ಪಾತ್ರದ ಕಥೆಯಿಂದಲೇ ತಿಳಿದಿರಬೇಕು. ಆಯ್ಕೆ ಮಾಡುವವರಿಗೆ ದುಡ್ಡು ಕೊಡುವವರು ನಿರ್ಮಾಪಕರು. ಮೊದಲ ಸುತ್ತಿಗೆ ನೈಜ ಬೆಳಕಿನಲ್ಲಿ ಮೇಕಪ್ ಇಲ್ಲದೆ ತೆಗೆದ ನಾಲ್ಕು ಫೋಟೊ, ಒಂದು ಪರಿಚಯ ವಿಡಿಯೊ ಸಾಕು, ಫೋನಲ್ಲೇ ಆಗುತ್ತದೆ. ಆನ್‌ಲೈನ್‌ನಲ್ಲಿ ಆಗಲೇ ಮುಂಗಡ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ರಾತ್ರಿ ಹೋಟೆಲ್ ರೂಮಿಗೆ ಬಾ, ‘ಅಡ್ಜಸ್ಟ್’ ಮಾಡ್ಕೋ ಅನ್ನುವವರ ಮೆಸೇಜ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ಕಂಪನಿಯಲ್ಲಿ ಇಂಥ ದೂರು ಕೇಳುವ ಸಮಿತಿ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಇನ್ನು ಮುಂದೇನು? ಈಗಿನಂತೆಯೇ ಸಿಕ್ಕ ಸಿಕ್ಕ ಆಡಿಷನ್‌ಗೆ ಓಡುವುದು ನನ್ನ ಪ್ರಕಾರ ಅತಿ ಕೆಟ್ಟ ದಾರಿ. ಕಲಿಯಲು ಹೊತ್ತು ಉಳಿಯುವುದಿಲ್ಲ, ಬಸ್ಸಿಗೆ, ಬಟ್ಟೆಗೆ ದುಡ್ಡು ಸೋರುತ್ತದೆ. ಕೆಲವು ತಿಂಗಳು ನಿಲ್ಲಿಸಿ ಕ್ಯಾಮೆರಾ ಅಭ್ಯಾಸಕ್ಕೆ ಕೂರುವುದು ಒಳ್ಳೆಯದು, ಆದರೆ ಆ ಹೊತ್ತಿನಲ್ಲಿ ನಂಟು ತಪ್ಪುತ್ತದೆ, ಜನ ಮರೆಯುತ್ತಾರೆ. ನಡುವಿನ ದಾರಿ ಏನೆಂದರೆ ನಿಮ್ಮ ವಯಸ್ಸು, ಎತ್ತರ, ಭಾಷೆಗೆ ಹೊಂದುವ ಪಾತ್ರಗಳಿಗೆ ಮಾತ್ರ ಹೋಗುವುದು.

ಬೇರೆ ಬಾಗಿಲುಗಳೂ ಇವೆ. ಮುಖ ನೋಡದೆ ದನಿಯನ್ನಷ್ಟೇ ಕೇಳುವ ಕಡೆ ನಿಮ್ಮಂಥವರಿಗೆ ಅನುಕೂಲ ಜಾಸ್ತಿ. ಆಕಾಶವಾಣಿಯ ನಾಟಕ ವಿಭಾಗದಲ್ಲಿ ಧ್ವನಿ ಪರೀಕ್ಷೆ ಮಾಡಿ ಬಿ, ಬಿ ಹೈ, ಎ ಅಂತ ದರ್ಜೆ ಕೊಡುತ್ತಾರೆ. ಧಾರವಾಡ ನಿಲಯಕ್ಕೆ ನಿಮ್ಮ ಮಾತು ಹೊರೆಯೇ ಅಲ್ಲ. ಸಂಭಾವನೆಯಲ್ಲಿ ಬದುಕು ನಡೆಯದು, ಆದರೆ ಒಂದು ದರ್ಜೆ ಕೈಯಲ್ಲಿರುತ್ತದೆ. ಬೇರೆ ಭಾಷೆಯ ಸಿನಿಮಾ, ಸೀರಿಯಲ್‌ಗಳನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡುವುದನ್ನು ತಡೆಯುವುದು ಸರಿಯಲ್ಲ ಎಂದು ಭಾರತದ ಸ್ಪರ್ಧಾ ಆಯೋಗ 2015ರಲ್ಲಿ ಹೇಳಿದ ಮೇಲೆ, ಅದರಲ್ಲೂ 2020ರ ಲಾಕ್‌ಡೌನ್‌ನಲ್ಲಿ ಮಹಾಭಾರತ ಕನ್ನಡದಲ್ಲಿ ಬಂದಮೇಲೆ, ಕಂಠದಾನಕ್ಕೆ ಕೆಲಸ ಹೆಚ್ಚಿದೆ. ಇಲ್ಲಿನ ಅಪಾಯ ಗಂಟಲಿಗೆ ಮತ್ತು ತಡವಾಗಿ ಬರುವ ದುಡ್ಡಿಗೆ ಸಂಬಂಧಿಸಿದ್ದು. ರೆಪರ್ಟರಿ, ಅಂದರೆ ನಟರನ್ನಿಟ್ಟುಕೊಂಡು ನಿರಂತರವಾಗಿ ನಾಟಕ ಆಡುವ ತಂಡ, ಇನ್ನೊಂದು. 1985ರಿಂದ ಊರೂರು ಸುತ್ತುವ ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ, ಧಾರವಾಡ, ಮೈಸೂರು ಮುಂತಾದ ಕಡೆಯ ರಂಗಾಯಣಗಳು. ಅಲ್ಲೂ ಸಂದರ್ಶನ, ಅಲ್ಲೂ ಕೆಲವರಿಗೆ ಬೇಡ ಅನ್ನುತ್ತಾರೆ. ಆದರೆ ಒಳಗೆ ಹೋದರೆ ಒಂದೇ ಪಾತ್ರವನ್ನು ಬೇರೆ ಬೇರೆ ಊರಿನ ಪ್ರೇಕ್ಷಕರ ಮುಂದೆ ಹತ್ತಾರು ಸಲ ಆಡುತ್ತೀರಿ. ಅಷ್ಟು ಆಡಿದ ಮೇಲೆ ನಟನೆ ಬರುತ್ತದಾ ಅಂತ ಯಾರನ್ನೂ ಕೇಳಬೇಕಾಗುವುದಿಲ್ಲ.

ಅವ್ವನ ಮಾತಿಗೆ ಬಂದರೆ, ಆಕೆ ಹೇಳುವುದರಲ್ಲಿ ಒಂದು ಲೆಕ್ಕ ಇದೆ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 28, ಪ್ರೊಬೇಷನರಿ ಆಫೀಸರ್‌ಗೆ 30. ಮೀಸಲಾತಿ ಇದ್ದರೆ ಸ್ವಲ್ಪ ಸಡಿಲ. ಅಕ್ಕನ, ಅತ್ತೆಯ, ಟೀಚರಮ್ಮನ ಪಾತ್ರಕ್ಕೆ ಅಂಥ ಮಿತಿ ಇಲ್ಲ. ಮೊದಲು ಮುಚ್ಚುವುದು ಬ್ಯಾಂಕಿನ ಬಾಗಿಲು. ಈ ವರ್ಷ ಅರ್ಜಿ ಹಾಕಿ ಬರೆಯಿರಿ, ಬರೆದರೆ ಸೋತ ಹಾಗಲ್ಲ. ಬೆಂಗಳೂರಿನ ಹವ್ಯಾಸಿ ರಂಗಭೂಮಿ ನಡೆದದ್ದೇ ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿ ಮುಗಿಸಿ ಸಂಜೆ ತಾಲೀಮಿಗೆ ಬರುತ್ತಿದ್ದವರಿಂದ. ಕೆಲಸ ಸಿಕ್ಕರೆ ದಿನಪೂರ್ತಿ ಶೂಟಿಂಗ್ ಇರುವ ಸೀರಿಯಲ್ ಕೈತಪ್ಪುತ್ತದೆ, ವರ್ಗಾವಣೆಯ ಭಯ ಇರುತ್ತದೆ, ಸಂಭಾವನೆ ಪಡೆದು ನಟಿಸಲು ಮೇಲಿನವರ ಅನುಮತಿ ಬೇಕಾಗುತ್ತದೆ. ಇದನ್ನೆಲ್ಲ ಅವ್ವನ ಮುಂದೆಯೇ ಇಟ್ಟು ಮಾತಾಡಿ. ಪರೀಕ್ಷೆ ಬರೆಯಲು ನೀವು ಒಪ್ಪಿದರೆ, ನಟನೆಗೆ ಇನ್ನೊಂದು ವರ್ಷ ಬಿಡಲು ಆಕೆಯೂ ಒಪ್ಪಬಹುದು.